ಗಾಜು ಊದಿದ ಕೈಗಳು

ಆಟದ ಬಯಲಿನಲ್ಲಿ ಬಿದ್ದು ಮುಂಗೈ ಊದಿಸಿಕೊಂಡ ಹುಡುಗನನ್ನು ಅಪ್ಪ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ‘ಎಕ್ಸ್‌ರೇ ತೆಗೆಸಿ ಬನ್ನಿ’ ಎನ್ನುತ್ತಾರೆ ಡಾಕ್ಟರು. ಅಲ್ಲಿನ ತಂತ್ರಜ್ಞರು ಹುಡುಗನ ಕೈಯನ್ನು ಮೇಜಿನ ಮೇಲಿರಿಸಿ, ‘ಅಲ್ಲಾಡಬೇಡ ಮರಿ’ ಎಂದು ಹೇಳಿ, ಅಪ್ಪನನ್ನು ಹೊರಗೆ ಕಳಿಸಿ, ತಾವೂ ಅಡ್ಡಗೋಡೆಯ ಹಿಂದೆ ಹೋಗಿ ನಿಂತು ಗುಂಡಿ ಒತ್ತುತ್ತಾರೆ. ಕ್ಷಣದಲ್ಲಿ ಕೆಲಸ ಮುಗಿಯುತ್ತದೆ. ಮನೆಗೆ ಮರಳುವಾಗ ಹುಡುಗ ಕೇಳುತ್ತಾನೆ: ‘ಅಪ್ಪಾ, ನನ್ನೊಬ್ಬನನ್ನೇ ಒಳಗೆ ಬಿಟ್ಟು ಅವರು ಯಾಕೆ ಗೋಡೆ ಹಿಂದೆ ಹೋದರು? ಅದು ಕೆಟ್ಟದ್ದಾದರೆ ನನಗೂ ಕೆಟ್ಟದ್ದೇ ಅಲ್ಲವಾ?’

ಬಹಳ ಒಳ್ಳೆಯ ಪ್ರಶ್ನೆ. ಆದರೆ ಎಷ್ಟೋ ಅಪ್ಪಂದಿರಿಗೆ ಉತ್ತರ ಗೊತ್ತಿರುವುದಿಲ್ಲ. ಆ ಅಡ್ಡಗೋಡೆಯ ಹಿಂದೆ ಒಬ್ಬ ಕುಶಲಕರ್ಮಿಯ ಸಾವಿನ ಕತೆಯಿದೆ. ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಗಾಜು ಊದಿ ಬದುಕುತ್ತಿದ್ದ ಅವನ ಹೆಸರು ಕ್ಲಾರೆನ್ಸ್ ಡ್ಯಾಲಿ. ಈ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಸಿಗುವುದು ಅಪರೂಪ. ಆದರೆ ಅವನು ಯಾರ ಬಳಿ ಕೆಲಸಕ್ಕಿದ್ದನೋ ಆ ಹೆಸರು ಶಾಲೆಯ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು: ಥಾಮಸ್ ಆಲ್ವ ಎಡಿಸನ್.

ಉಸಿರಿನ ಕಸುಬು

ಡ್ಯಾಲಿ ಹುಟ್ಟಿದ್ದು 1865ರಲ್ಲಿ. ಬೆಳೆದದ್ದು ವುಡ್‌ಬ್ರಿಜ್ ಎಂಬ ಊರಿನಲ್ಲಿ, ಗಾಜು ಊದುವವರ ಕುಟುಂಬದಲ್ಲಿ. ಹದಿನೇಳನೆಯ ವಯಸ್ಸಿಗೆ ನೌಕಾಪಡೆ ಸೇರಿ ಆರು ವರ್ಷ ಕಡಲ ಮೇಲೆ ದುಡಿದ. ಅಲ್ಲಿಂದ ಬಂದ ಮೇಲೆ ಹ್ಯಾರಿಸನ್ ಪಟ್ಟಣದಲ್ಲಿದ್ದ ಎಡಿಸನ್ನನ ದೀಪದ ಕಾರ್ಖಾನೆಯಲ್ಲಿ ತಂದೆ ಮತ್ತು ಮೂವರು ಸೋದರರ ಪಕ್ಕದಲ್ಲೇ ಕುಳಿತು ಬಲ್ಬು ಊದತೊಡಗಿದ. ಇಪ್ಪತ್ತನಾಲ್ಕನೆಯ ವಯಸ್ಸಿಗೆ ವೆಸ್ಟ್ ಆರೆಂಜಿನಲ್ಲಿದ್ದ ಎಡಿಸನ್ನನ ದೊಡ್ಡ ಪ್ರಯೋಗಾಲಯಕ್ಕೆ ವರ್ಗವಾಯಿತು. ಅಲ್ಲಿಂದ ಕೊನೆಯವರೆಗೂ ಆತ ಅಲ್ಲಿಯವನೇ.

ಗಾಜು ಊದುವ ಕೆಲಸ ನೋಡಲು ಸುಲಭ, ಮಾಡಲು ಕಷ್ಟ. ಗಾಜಿನ ಕೊಳವೆಯನ್ನು ಜ್ವಾಲೆಯಲ್ಲಿ ಹಿಡಿದು ಎರಡೂ ಕೈಗಳಿಂದ ಒಂದೇ ಸಮನೆ ತಿರುಗಿಸುತ್ತಿರಬೇಕು. ಒಂದು ಕೈ ಮುಂದಾಗಿ ಇನ್ನೊಂದು ಹಿಂದಾದರೆ ಮೆತ್ತಗಾದ ಗಾಜು ಹಗ್ಗದಂತೆ ತಿರುಚಿಕೊಳ್ಳುತ್ತದೆ. ಅದು ಬೆಲ್ಲದ ಪಾಕದಂತೆ ಹದಕ್ಕೆ ಬಂದ ಗಳಿಗೆಯಲ್ಲಿ ಅಳತೆಯಿಟ್ಟು ಊದಬೇಕು. ಹೆಚ್ಚು ಊದಿದರೆ ಗೋಡೆ ತೆಳುವಾಗಿ ಒಡೆಯುತ್ತದೆ. ಊದಿದ್ದನ್ನು ಬೇಗ ತಣಿಸಿದರೆ ಬಿರುಕು ಬಿಡುತ್ತದೆ. ಇಷ್ಟರ ಮೇಲೆ ಗಾಜಿನೊಳಕ್ಕೆ ಲೋಹದ ತಂತಿ ತೂರಿಸಿ, ಗಾಳಿ ಒಂದಿಷ್ಟೂ ನುಸುಳದಂತೆ ಬೆಸೆಯಬೇಕು. ಆ ಕಾಲದಲ್ಲಿ ಇದಕ್ಕೆ ಬಳಸುತ್ತಿದ್ದುದು ಪ್ಲಾಟಿನಂ. ಏಕೆಂದರೆ ಬಿಸಿಯಾದಾಗ ಗಾಜು ಎಷ್ಟು ಹಿಗ್ಗುತ್ತದೆಯೋ ಹೆಚ್ಚುಕಡಿಮೆ ಅಷ್ಟೇ ಪ್ಲಾಟಿನಂ ಕೂಡ ಹಿಗ್ಗುತ್ತದೆ. ಬೇರೆ ಲೋಹವಾದರೆ ಹಿಗ್ಗುವಿಕೆಯ ವ್ಯತ್ಯಾಸದಿಂದಲೇ ಗಾಜು ಸೀಳುತ್ತದೆ.

ಇಂಥ ಕೆಲಸಕ್ಕೆ ಪುಸ್ತಕದ ವಿದ್ಯೆ ಸಾಲದು. ಬೆರಳ ತುದಿಗೆ ತಿಳಿಯಬೇಕು. ಎಡಿಸನ್ ಮನಸ್ಸಿನಲ್ಲಿ ಚಿತ್ರ ಬರೆದದ್ದು ಮೇಜಿನ ಮೇಲೆ ವಸ್ತುವಾಗಿ ನಿಲ್ಲುತ್ತಿದ್ದುದು ಇಂಥವರ ಬೆರಳುಗಳಿಂದ.

ಹೊಸ ಕಿರಣ ಬಂತು

1895ರ ನವೆಂಬರ್ 8ರಂದು ಜರ್ಮನಿಯ ವೂರ್ಟ್ಸ್‌ಬರ್ಗಿನಲ್ಲಿ ವಿಲ್‌ಹೆಲ್ಮ್ ರಾಂಟ್‌ಜನ್ ಕ್ಷ-ಕಿರಣಗಳನ್ನು ಕಂಡ. ಗಾಳಿ ತೆಗೆದ ಗಾಜಿನ ಕೊಳವೆಯೊಳಗೆ ಹೆಚ್ಚು ವೋಲ್ಟೇಜಿನ ವಿದ್ಯುತ್ ಹರಿಸಿದಾಗ ಋಣಧ್ರುವದಿಂದ ಹೊರಟ ಕಣಗಳು, ಅಂದರೆ ಇಂದು ನಾವು ಎಲೆಕ್ಟ್ರಾನ್ ಎನ್ನುವವು, ಎದುರಿನ ಗಾಜಿಗೋ ಲೋಹಕ್ಕೋ ರಭಸದಿಂದ ಬಡಿಯುತ್ತವೆ. ಆ ಹೊಡೆತದಲ್ಲಿ ಕಣ್ಣಿಗೆ ಕಾಣದ, ಮಾಂಸವನ್ನು ದಾಟಿ ಮೂಳೆಯ ನೆರಳನ್ನು ತೋರುವ ಕಿರಣಗಳು ಹುಟ್ಟುತ್ತವೆ. ರಾಂಟ್‌ಜನ್ ತನ್ನ ಹೆಂಡತಿಯ ಕೈಯ ಮೂಳೆಗಳನ್ನೂ ಉಂಗುರವನ್ನೂ ಚಿತ್ರದಲ್ಲಿ ಹಿಡಿದಾಗ ಲೋಕವೇ ಬೆರಗಾಯಿತು.

ಸುದ್ದಿ ಅಮೆರಿಕ ಮುಟ್ಟಿದ್ದೇ ತಡ, ಎಡಿಸನ್ ಈ ಕೆಲಸಕ್ಕೆ ಕೈಹಾಕಿದ. ಅವನಿಗೆ ಬೇಕಾದ ಮುಖ್ಯ ಸಾಮಗ್ರಿ ಒಳ್ಳೆಯ ಗಾಜಿನ ಕೊಳವೆ. ಅದು ಡ್ಯಾಲಿಯ ಕಸುಬು. ಹೀಗಾಗಿ ಈ ಹೊಸ ಸಂಶೋಧನೆಯಲ್ಲಿ ಡ್ಯಾಲಿ ಎಡಿಸನ್ನನ ಬಲಗೈಯಾದ. ಡ್ಯಾಲಿಯ ತಮ್ಮ ಚಾರ್ಲ್ಸ್ ಕೂಡ ಜೊತೆಗೂಡಿದ.

ಕಾಣದ ಕಿರಣವನ್ನು ಕಾಣುವಂತೆ ಮಾಡುವ ಪರದೆಯೊಂದು ಬೇಕಿತ್ತು. ಕೆಲವು ರಾಸಾಯನಿಕಗಳ ಮೇಲೆ ಕ್ಷ-ಕಿರಣ ಬಿದ್ದರೆ ಅವು ಬೆಳಕು ಸೂಸುತ್ತವೆ. ಇದಕ್ಕೆ ಪ್ರತಿದೀಪ್ತಿ ಎನ್ನುತ್ತಾರೆ. ರಾಂಟ್‌ಜನ್ ಬಳಸಿದ್ದು ದುಬಾರಿಯಾದ ಬೇರಿಯಂ ಪ್ಲಾಟಿನೋಸಯನೈಡ್. ಎಡಿಸನ್ನನ ಪ್ರಯೋಗಾಲಯದಲ್ಲಿ ಸಾಲುಸಾಲು ರಾಸಾಯನಿಕಗಳನ್ನು ಒಂದೊಂದಾಗಿ ಕಿರಣದ ಎದುರು ಹಿಡಿದು ನೋಡಲಾಯಿತು. ಕೊನೆಗೆ ಗೆದ್ದದ್ದು ಕ್ಯಾಲ್ಸಿಯಂ ಟಂಗ್‌ಸ್ಟೇಟ್. 1896ರ ಮಾರ್ಚ್ ವೇಳೆಗೆ ಅದು ಸಿದ್ಧವಾಗಿತ್ತು. ಆ ಆಯ್ಕೆ ಎಷ್ಟು ಸರಿಯಾಗಿತ್ತೆಂದರೆ ಮುಂದೆ ಸುಮಾರು ಮುಕ್ಕಾಲು ಶತಮಾನ ಆಸ್ಪತ್ರೆಗಳ ಎಕ್ಸ್‌ರೇ ಪರದೆಗಳಲ್ಲಿ ಅದೇ ಬಳಕೆಯಲ್ಲಿತ್ತು.

ಆ ಪರದೆಯನ್ನು ಒಂದು ಪೆಟ್ಟಿಗೆಯ ಅಗಲವಾದ ತುದಿಗೆ ಕೂರಿಸಿ, ಕಿರಿದಾದ ತುದಿಯನ್ನು ಕಣ್ಣಿಗೆ ಒತ್ತಿ ನೋಡುವ ಸಾಧನವನ್ನು ಎಡಿಸನ್ ಮಾಡಿದ. ಅದೇ ಫ್ಲೋರೋಸ್ಕೋಪ್. 1896ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ವಿದ್ಯುತ್ ಪ್ರದರ್ಶನದಲ್ಲಿ ಅದನ್ನಿಟ್ಟಾಗ ಜನ ಸಾಲುಗಟ್ಟಿ ನಿಂತು ತಮ್ಮ ಕೈಯ ಮೂಳೆಗಳನ್ನು ತಾವೇ ನೋಡಿದರು. ಅವರು ನೋಡಿದ್ದು ಒಂದು ಸಲ, ಕೆಲವೇ ನಿಮಿಷ. ಡ್ಯಾಲಿಗಾದರೋ ಅದು ದಿನನಿತ್ಯದ ಕೆಲಸ.

ಕೈಯೇ ಅಳತೆಗೋಲು

ಕತೆಯ ಮರ್ಮ ಇಲ್ಲಿದೆ. ಅಂದಿನ ಎಕ್ಸ್‌ರೇ ಕೊಳವೆಗಳು ಇಂದಿನವುಗಳಂತೆ ನಂಬಿಕಸ್ಥವಲ್ಲ. ಒಳಗೆ ಉಳಿದ ಒಂದಿಷ್ಟು ಅನಿಲದ ಮೇಲೆ ಅವುಗಳ ವರ್ತನೆ ನಿಂತಿತ್ತು. ಬಳಸುತ್ತ ಹೋದಂತೆ ಆ ಅನಿಲ ಗಾಜಿಗೆ, ಲೋಹಕ್ಕೆ ಅಂಟಿಕೊಂಡು ಕಡಿಮೆಯಾಗುತ್ತಿತ್ತು. ಕಿರಣದ ತೂರುವ ಶಕ್ತಿ ಬದಲಾಗುತ್ತಿತ್ತು. ಆದ್ದರಿಂದ ಪ್ರತಿ ಕೊಳವೆಯನ್ನೂ, ಪ್ರತಿ ಸಲವೂ ಪರೀಕ್ಷಿಸಲೇಬೇಕು.

ಹೇಗೆ ಪರೀಕ್ಷಿಸುವುದು? ಅಳೆಯುವ ಉಪಕರಣ ಇರಲಿಲ್ಲ. ಅತಿ ಸುಲಭದ ದಾರಿಯೆಂದರೆ ಕೊಳವೆಗೂ ಪರದೆಗೂ ನಡುವೆ ತನ್ನ ಕೈಯನ್ನೇ ಹಿಡಿದು ನೋಡುವುದು. ಮೂಳೆ ತೀರ ಕಪ್ಪಾಗಿ, ಮಾಂಸವೂ ದಟ್ಟ ನೆರಳಾಗಿ ಕಂಡರೆ ಕಿರಣ ಮೆದು. ಮೂಳೆಯೂ ಬೂದುಬಣ್ಣಕ್ಕೆ ತಿರುಗಿದರೆ ಕಿರಣ ಗಡಸು. ಎರಡರ ನಡುವೆ ಸರಿಯಾದ ಹದ. ಅನ್ನ ಬೆಂದಿದೆಯೇ ಎಂದು ತಾಯಿ ಒಂದು ಅಗುಳು ಹಿಚುಕಿ ನೋಡುವ ಹಾಗೆ ಡ್ಯಾಲಿ ತನ್ನ ಕೈ ಒಡ್ಡಿ ಕೊಳವೆಯ ಹದ ನೋಡುತ್ತಿದ್ದ. ಹೆಚ್ಚಾಗಿ ಎಡಗೈ. ದಿನಕ್ಕೆ ಎಷ್ಟು ಬಾರಿಯೋ, ಲೆಕ್ಕವಿಟ್ಟವರಿಲ್ಲ. ಗಾಜನ್ನು ರೂಪಿಸಿದ ಕೈಯೇ ಗಾಜಿನ ಅಳತೆಗೋಲೂ ಆಯಿತು.

ಬಿಸಿ ಗಾಜು ಮುಟ್ಟಿದರೆ ಕೈ ತಾನಾಗಿ ಹಿಂದೆ ಸರಿಯುತ್ತದೆ. ಅದು ದೇಹದ ಕಾವಲು. ಕ್ಷ-ಕಿರಣಕ್ಕೆ ಆ ಕಾವಲು ಇಲ್ಲ. ಅದು ತಾಗಿದಾಗ ಬಿಸಿಯಿಲ್ಲ, ನೋವಿಲ್ಲ, ವಾಸನೆಯಿಲ್ಲ. ಬೆಂಕಿಯ ಜೊತೆ ವರ್ಷಗಟ್ಟಲೆ ಪಳಗಿದ ಕೈಗಳಿಗೆ ಈ ಹೊಸ ಬೆಂಕಿಯ ಗುರುತೇ ಸಿಗಲಿಲ್ಲ.

ಕೂದಲು ಉದುರಿತು. ಚರ್ಮ ಕೆಂಪಾಗಿ, ಒಣಗಿ, ಹುಣ್ಣಾಯಿತು. ಎಡಗೈ ಉರಿಯತೊಡಗಿದಾಗ ಡ್ಯಾಲಿ ಬಲಗೈ ಒಡ್ಡತೊಡಗಿದ. ಸ್ವಲ್ಪ ದಿನ ಬಿಡುವು ಕೊಟ್ಟರೆ ವಾಸಿಯಾಗುತ್ತದೆ ಎಂದು ಅಂದಿನ ಎಷ್ಟೋ ಮಂದಿಯಂತೆ ಅವನೂ ನಂಬಿದ್ದ. 1900ರ ಹೊತ್ತಿಗೆ ಕೈ ಮತ್ತು ಮುಖದ ಗಾಯಗಳಿಂದಾಗಿ ಕೆಲಸಕ್ಕೆ ರಜೆ ಹಾಕಬೇಕಾಯಿತು. ರಾತ್ರಿ ಉರಿ ತಾಳಲಾರದೆ ಎರಡೂ ಕೈಗಳನ್ನು ನೀರಿನಲ್ಲಿಟ್ಟುಕೊಂಡು ಮಲಗುತ್ತಿದ್ದನಂತೆ.

1902ರಲ್ಲಿ ಎಡ ಮಣಿಕಟ್ಟಿನ ಹುಣ್ಣು ಕ್ಯಾನ್ಸರಿಗೆ ತಿರುಗಿತು. ಬೇರೆಡೆಯಿಂದ ಚರ್ಮ ತೆಗೆದು ಮತ್ತೆ ಮತ್ತೆ ಕಸಿ ಮಾಡಿದರೂ ಹತ್ತಲಿಲ್ಲ. ಎಡಗೈಯನ್ನು ಕತ್ತರಿಸಿದರು. ಬಲಗೈಯಲ್ಲೂ ಹುಣ್ಣು ಕಾಣಿಸಿ ನಾಲ್ಕು ಬೆರಳು ಹೋದವು. ರೋಗ ನಿಲ್ಲಲಿಲ್ಲ. ಕೊನೆಗೆ ಎರಡೂ ತೋಳುಗಳನ್ನು ತೆಗೆಯಬೇಕಾಯಿತು. ಅಷ್ಟರಲ್ಲಿ ಕ್ಯಾನ್ಸರ್ ಎದೆಗೂಡಿನೊಳಕ್ಕೆ ಹರಡಿತ್ತು. 1904ರ ಅಕ್ಟೋಬರ್ 2ರಂದು ಡ್ಯಾಲಿ ತೀರಿಕೊಂಡ. ವಯಸ್ಸು 39. ಹೆಂಡತಿ ಮತ್ತು ಇಬ್ಬರು ಚಿಕ್ಕ ಗಂಡುಮಕ್ಕಳು ಉಳಿದರು. ಅಮೆರಿಕದಲ್ಲಿ ಕ್ಷ-ಕಿರಣದ ಪ್ರಯೋಗಗಳಿಗೆ ಬಲಿಯಾದ ಮೊದಲಿಗನೆಂದು ಅವನನ್ನು ಎಣಿಸುತ್ತಾರೆ.

ಯಜಮಾನನ ಶೋಕ

ಎಡಿಸನ್ ಸೋಲೊಪ್ಪುವ ಮನುಷ್ಯನಲ್ಲ. ಒಂದು ವಸ್ತು ಕೆಲಸ ಮಾಡದಿದ್ದರೆ ಸಾವಿರ ವಸ್ತು ಪರೀಕ್ಷಿಸುವ ಹಟವಾದಿ. ಅಂಥವನು ಕ್ಷ-ಕಿರಣದ ಕೆಲಸವನ್ನು ಮಾತ್ರ ನಡುವೆಯೇ ಕೈಬಿಟ್ಟ. ಗಾಜಿನ ಒಳಮೈಗೆ ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಹರಳುಗಳನ್ನು ಬೆಸೆದು, ಕ್ಷ-ಕಿರಣದಿಂದ ಬೆಳಗುವ ಹೊಸ ಬಗೆಯ ದೀಪವನ್ನು ಮಾಡುವ ಯೋಜನೆ ಅವನಲ್ಲಿತ್ತು. ಕೆಲವನ್ನು ಮಾಡಿಯೂ ಆಗಿತ್ತು. ಡ್ಯಾಲಿಯ ಕೂದಲು ಉದುರಿ ಮೈ ಹುಣ್ಣಾಗುವುದನ್ನು ಕಂಡ ಮೇಲೆ ಅಂಥ ದೀಪ ಮನೆಗಳಿಗೆ ತಕ್ಕದ್ದಲ್ಲವೆಂದು ಅದನ್ನು ನಿಲ್ಲಿಸಿಬಿಟ್ಟ. ಅವನ ಕಣ್ಣಿಗೂ ಪೆಟ್ಟು ತಗುಲಿತ್ತು.

1903ರ ಆಗಸ್ಟ್ ತಿಂಗಳಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರ ಮುಂದೆ ಎಡಿಸನ್, ತನ್ನ ಬಳಿ ಕ್ಷ-ಕಿರಣದ ಮಾತೇ ಬೇಡ, ತನಗೆ ಅವುಗಳ ಭಯವಿದೆ ಎಂದು ಹೇಳಿಕೊಂಡ. ತನ್ನ ಕಣ್ಣು ಹೋಗುವುದರಲ್ಲಿತ್ತು, ಡ್ಯಾಲಿಯ ತೋಳುಗಳು ಕೆಲಸಕ್ಕೆ ಬಾರದಾದವು ಎಂಬುದನ್ನೂ ಮರೆಮಾಚಲಿಲ್ಲ. ದುಡಿಯಲಾಗದ ಡ್ಯಾಲಿಗೆ ಸಂಬಳವನ್ನು ನಿಲ್ಲಿಸಲಿಲ್ಲ. ಎಡಿಸನ್ 1931ರವರೆಗೆ ಬದುಕಿದ, ಎಷ್ಟೆಷ್ಟೋ ಹೊಸ ಕೆಲಸಗಳಿಗೆ ಕೈಹಾಕಿದ. ಕ್ಷ-ಕಿರಣದ ಸಂಶೋಧನೆಗೆ ಮಾತ್ರ ಮರಳಲಿಲ್ಲ. ಹದಿನೈದು ವರ್ಷ ಜೊತೆಯಲ್ಲಿದ್ದ ಕುಶಲಿಗನಿಗೆ ಆತ ಸಲ್ಲಿಸಿದ ಶೋಕ ಅದು.

ಆದರೆ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಎಚ್ಚರಿಕೆಯ ಗಂಟೆ ಮೊದಲೇ ಬಾರಿಸಿತ್ತು. 1896ರಲ್ಲೇ ಅಮೆರಿಕದ ವಿಜ್ಞಾನಿ ಎಲಿಹು ಥಾಮ್ಸನ್ ತನ್ನ ಎಡಗೈಯ ಕಿರುಬೆರಳನ್ನು ಬೇಕೆಂದೇ ಹಲವು ದಿನ, ದಿನಕ್ಕೆ ಅರ್ಧ ಗಂಟೆ ಕ್ಷ-ಕಿರಣಕ್ಕೆ ಒಡ್ಡಿ ನೋಡಿದ್ದ. ಮೊದಲು ಏನೂ ಆಗಲಿಲ್ಲ. ಸುಮಾರು ಒಂದು ವಾರದ ಬಳಿಕ ಬೆರಳು ಬಾತು, ನೋಯತೊಡಗಿ, ಗುಳ್ಳೆಯೆದ್ದಿತು. ಆತ ಅದನ್ನು ಪ್ರಕಟಿಸಿ ಎಚ್ಚರಿಸಿದ. ಬಾಸ್ಟನ್ನಿನ ದಂತವೈದ್ಯ ವಿಲಿಯಂ ರಾಲಿನ್ಸ್ 1901ರಲ್ಲಿ ಗಿನಿಯಿಲಿಗಳ ಮೇಲೆ ಪ್ರಯೋಗ ಮಾಡಿ ಈ ಕಿರಣ ಕೊಲ್ಲಬಲ್ಲದೆಂದು ತೋರಿಸಿದ. ಕೊಳವೆಯನ್ನು ಸೀಸದಿಂದ ಮುಚ್ಚಿ ಎಂದ. ಹೆಚ್ಚಿನವರು ಕಿವಿಗೊಡಲಿಲ್ಲ. ಹೊಸದರ ಹುರುಪಿನಲ್ಲಿ ಎಡಿಸನ್ ಕೂಡ ತಡವಾಗಿ ನಿಂತ. ಆ ತಡದ ಬೆಲೆಯನ್ನು ಹೆಚ್ಚಾಗಿ ತೆತ್ತದ್ದು ಕೊಳವೆಗೆ ಎಲ್ಲರಿಗಿಂತ ಹತ್ತಿರ ನಿಂತ ಕುಶಲಕರ್ಮಿ. 1902ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಫ್ರೀಬೆನ್ ಎಂಬ ವೈದ್ಯ ಕ್ಷ-ಕಿರಣದಿಂದಾದ ಚರ್ಮದ ಕ್ಯಾನ್ಸರನ್ನು ಮೊದಲ ಬಾರಿಗೆ ವೈದ್ಯರ ಸಭೆಯ ಮುಂದಿಟ್ಟಾಗ, ಆ ರೋಗಿಯೂ ಎಕ್ಸ್‌ರೇ ಕೊಳವೆಗಳ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ತನ್ನ ಕೈ ಒಡ್ಡಿ ಕೊಳವೆ ಪರೀಕ್ಷಿಸುತ್ತಿದ್ದ ಕೆಲಸಗಾರನೇ ಆಗಿದ್ದ.

ನೋವು ತಡವಾಗುವುದೇಕೆ?

ಥಾಮ್ಸನ್ನನ ಬೆರಳು ಒಂದು ವಾರ ಸುಮ್ಮನಿದ್ದುದೇಕೆ? ಡ್ಯಾಲಿಗೆ ಕ್ಯಾನ್ಸರ್ ಬರಲು ವರ್ಷಗಳು ಹಿಡಿದದ್ದೇಕೆ? ಅಂದು ಗೊತ್ತಿಲ್ಲದ ಉತ್ತರ ಇಂದು ಗೊತ್ತಿದೆ.

ನಮ್ಮ ಚರ್ಮದ ಮೇಲ್ಪದರ ದಿನವೂ ಸವೆದು ಉದುರುತ್ತದೆ. ಅದರ ಅಡಿಯಲ್ಲಿರುವ ಜೀವಕೋಶಗಳು ಒಂದು ಎರಡಾಗಿ ಒಡೆದು ಹೊಸ ಪದರವನ್ನು ಕಳಿಸುತ್ತಿರುತ್ತವೆ. ಕ್ಷ-ಕಿರಣ ಜೀವಕೋಶದೊಳಗಿನ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತೆಸೆಯುತ್ತದೆ. ಇದಕ್ಕೆ ಅಯಾನೀಕರಣ ಎಂದು ಹೆಸರು. ಈ ಗಲಾಟೆಯಲ್ಲಿ ಕೋಶದ ಬೀಜದಲ್ಲಿರುವ ಡಿಎನ್‌ಎ ಎಳೆಗಳು ತುಂಡಾಗುತ್ತವೆ. ಅಡಿಪದರದ ಕೋಶಗಳು ಸತ್ತರೂ ಮೇಲಿನ ಪದರ ಕೆಲವು ದಿನ ಹಾಗೆಯೇ ಇರುತ್ತದೆ. ಅದು ಉದುರಿ, ಬದಲಿಗೆ ಹೊಸದು ಬಾರದಿದ್ದಾಗ ಗಾಯ ಕಾಣುತ್ತದೆ. ನರ್ಸರಿಯಲ್ಲಿ ಸಸಿ ಸತ್ತದ್ದು ತೋಟದವನಿಗೆ ನಾಟಿಯ ದಿನ ತಿಳಿದಂತೆ.

ಸಾಯದೆ ಉಳಿದ ಕೋಶಗಳದು ಇನ್ನೊಂದು ಬಗೆ. ತುಂಡಾದ ಡಿಎನ್‌ಎಯನ್ನು ಕೋಶ ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಹೆಚ್ಚಿನ ಸಲ ಸರಿಯಾಗಿ, ಕೆಲವು ಸಲ ತಪ್ಪಾಗಿ. ತಪ್ಪುಗಳು ವರ್ಷಗಟ್ಟಲೆ ಕೂಡಿಬಂದರೆ ಒಂದು ದಿನ ಯಾವುದೋ ಒಂದು ಕೋಶ ಲಂಗುಲಗಾಮಿಲ್ಲದೆ ಬೆಳೆಯತೊಡಗುತ್ತದೆ. ಅದೇ ಕ್ಯಾನ್ಸರ್. ಕ್ಷ-ಕಿರಣ ಆನುವಂಶಿಕ ಗುಣಗಳನ್ನೇ ಬದಲಿಸಬಲ್ಲದೆಂದು 1927ರಲ್ಲಿ ಹಣ್ಣಿನ ನೊಣಗಳ ಮೇಲೆ ಪ್ರಯೋಗ ಮಾಡಿ ತೋರಿಸಿದವನು ಹರ್ಮನ್ ಮುಲ್ಲರ್. 1946ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ಡ್ಯಾಲಿ ಸತ್ತು ಆಗಲೇ 42 ವರ್ಷ.

ಗೋಡೆ ಎದ್ದ ಬಗೆ

ಇಂಥ ಸಾವುಗಳು ಒಂದೆರಡಲ್ಲ. 1936ರಲ್ಲಿ ಹ್ಯಾಂಬರ್ಗಿನ ಸೇಂಟ್ ಜಾರ್ಜ್ ಆಸ್ಪತ್ರೆಯ ಅಂಗಳದಲ್ಲಿ ಕ್ಷ-ಕಿರಣ ಮತ್ತು ರೇಡಿಯಂನಿಂದ ಮಡಿದವರಿಗಾಗಿ ಸ್ಮಾರಕವೊಂದನ್ನು ನಿಲ್ಲಿಸಿದಾಗ ಅದರ ಮೇಲೆ 169 ಹೆಸರುಗಳಿದ್ದವು. ಮುಂದೆ ಇನ್ನಷ್ಟು ಹೆಸರು ಸೇರಿದವು. 1928ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ವಿಕಿರಣದಿಂದ ರಕ್ಷಣೆಗೆಂದೇ ಸಮಿತಿಯೊಂದನ್ನು ರಚಿಸಿತು. ಸೀಸದ ಹೊದಿಕೆ, ಸೀಸದ ಅಂಗಿ, ಸೀಸದ ಗಾಜು, ದಪ್ಪ ಗೋಡೆ ಹೀಗೆ ಒಂದೊಂದಾಗಿ ಬಂದವು. ಚರ್ಮದಲ್ಲೇ ಹೀರಲ್ಪಟ್ಟು ಚಿತ್ರಕ್ಕೆ ನೆರವಾಗದ ಮೆದು ಕಿರಣಗಳನ್ನು ಹೊರಬರುವ ಮುನ್ನವೇ ತಡೆಯಲು ಈಗ ಯಂತ್ರದ ಬಾಯಲ್ಲಿ ಅಲ್ಯೂಮಿನಿಯಂ ಹಾಳೆ ಇರುತ್ತದೆ. ಡ್ಯಾಲಿಯ ಕೈಯನ್ನು ಸುಟ್ಟದ್ದರಲ್ಲಿ ಅಂಥ ಕಿರಣಗಳದೇ ದೊಡ್ಡ ಪಾಲು.

ನಮ್ಮ ದೇಶದಲ್ಲಿ ಇದನ್ನು ನೋಡಿಕೊಳ್ಳುವುದು 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಮುಂದಿನ ಬಾರಿ ಎಕ್ಸ್‌ರೇ ಕೋಣೆಗೆ ಹೋದಾಗ ತಂತ್ರಜ್ಞರ ಎದೆಯ ಮೇಲೆ ಚಿಕ್ಕದೊಂದು ಬಿಲ್ಲೆ ಇದೆಯೇ ಎಂದು ಮಕ್ಕಳು ನೋಡಲಿ. ಅದಕ್ಕೆ ಟಿಎಲ್‌ಡಿ ಬ್ಯಾಡ್ಜ್ ಎನ್ನುತ್ತಾರೆ. ಅದರೊಳಗಿನ ಹರಳಿನ ಪುಡಿ ತನ್ನ ಮೇಲೆ ಬಿದ್ದ ವಿಕಿರಣದ ಶಕ್ತಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಬಿಸಿ ಮಾಡಿದಾಗ ಅಷ್ಟಕ್ಕೆ ತಕ್ಕ ಬೆಳಕು ಕೊಟ್ಟು ಲೆಕ್ಕ ಒಪ್ಪಿಸುತ್ತದೆ. ಕೆಲಸಗಾರನಿಗೆ ತಗುಲುವ ವಿಕಿರಣ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು, ಯಾವ ಒಂದು ವರ್ಷದಲ್ಲೂ 30 ದಾಟಬಾರದು ಎಂಬುದು ನಿಯಮ. ಡ್ಯಾಲಿಯ ಕಾಲದಲ್ಲಿ ಲೆಕ್ಕ ಇಡುವವರಿರಲಿಲ್ಲ. ಇಂದು ಲೆಕ್ಕವೇ ಎದೆಯ ಮೇಲೆ ಕೂತಿದೆ.

ಹುಡುಗನಿಗೆ ಉತ್ತರ

ಈಗ ಹುಡುಗನ ಪ್ರಶ್ನೆಗೆ ಬರೋಣ. ಸೂರ್ಯ, ನಕ್ಷತ್ರಲೋಕ, ನೆಲದ ಕಲ್ಲು, ಉಸಿರಾಡುವ ಗಾಳಿ ಇವುಗಳಿಂದಲೇ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗುಲುತ್ತದೆ. ಎದೆಯ ಒಂದು ಎಕ್ಸ್‌ರೇಯಿಂದ ಸಿಗುವುದು ಹೆಚ್ಚೆಂದರೆ 0.1 ಮಿಲಿಸೀವರ್ಟ್. ಮುಂಗೈಯದು ಅದಕ್ಕಿಂತಲೂ ಬಹಳ ಕಡಿಮೆ. ಹುಡುಗನಿಗೆ ಅದು ಒಂದು ಸಲದ ಮಾತು, ಮುರಿದ ಮೂಳೆ ತಿಳಿಯುವ ಲಾಭವೂ ಅವನದೇ. ತಂತ್ರಜ್ಞರಿಗಾದರೋ ದಿನವೂ ಹತ್ತಾರು ರೋಗಿಗಳು, ವರ್ಷವಿಡೀ ಅದೇ ಕೆಲಸ, ಲಾಭವೇನೂ ಇಲ್ಲ. ಅವರು ಪ್ರತಿ ಸಲವೂ ಪಕ್ಕದಲ್ಲೇ ನಿಂತರೆ ಡ್ಯಾಲಿಯ ದಾರಿ ಹಿಡಿದಂತೆ. ಆದ್ದರಿಂದಲೇ ಗೋಡೆ. ಅವರು ಓಡಿದ್ದು ಹುಡುಗನನ್ನು ಬಿಟ್ಟು ಅಲ್ಲ. ನಾಳೆ ಬರುವ ಇನ್ನೊಬ್ಬ ಹುಡುಗನ ಎಕ್ಸ್‌ರೇ ತೆಗೆಯಲು ಆರೋಗ್ಯವಾಗಿ ಉಳಿಯಬೇಕೆಂದು.

ಪಾಲಕರಿಗೂ ಇದರಲ್ಲಿ ಒಂದು ಮಾತಿದೆ. ವೈದ್ಯರು ಬೇಕೆಂದಾಗ ಎಕ್ಸ್‌ರೇಗೆ ಹೆದರಿ ಹಿಂಜರಿಯಬಾರದು. ಹಾಗೆಂದು ‘ಎಲ್ಲಕ್ಕೂ ಒಂದು ಸ್ಕ್ಯಾನ್ ಆಗಿಬಿಡಲಿ ಡಾಕ್ಟ್ರೇ’ ಎಂದು ಒತ್ತಾಯಿಸಲೂಬಾರದು. ಸಿ.ಟಿ. ಸ್ಕ್ಯಾನಿನಲ್ಲಿ ತಗುಲುವ ವಿಕಿರಣ ಎದೆಯ ಎಕ್ಸ್‌ರೇಗಿಂತ ಹತ್ತಾರು ಪಟ್ಟು, ಕೆಲವೊಮ್ಮೆ ನೂರು ಪಟ್ಟು ಹೆಚ್ಚು. ಗರ್ಭಿಣಿಯಾದ ತಾಯಿ ಮಗುವಿನ ಜೊತೆ ಒಳಗೆ ನಿಲ್ಲುವ ಬದಲು, ಮೊದಲೇ ತಿಳಿಸಿ ಹೊರಗಿರುವುದು ಲೇಸು.

ಇನ್ನೊಂದು ವಿಚಿತ್ರವನ್ನೂ ನೆನೆಯಬೇಕು. ಡ್ಯಾಲಿಗೆ ಕ್ಯಾನ್ಸರ್ ತಂದ ಕಿರಣವೇ ಇಂದು, ಅಳತೆಯಿಟ್ಟು ಗುರಿಯಿಟ್ಟು ಬಳಸಿದಾಗ, ಕ್ಯಾನ್ಸರಿನ ಕೋಶಗಳನ್ನು ಕೊಲ್ಲುತ್ತದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ವಿಕಿರಣ ಚಿಕಿತ್ಸೆಗೆಂದು ನಾಡಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಕಿರಣಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ. ಅಳತೆ ಗೊತ್ತಿರುವವರ ಕೈಯಲ್ಲಿ ಅದು ಔಷಧ, ಗೊತ್ತಿಲ್ಲದಾಗ ವಿಷ.

ಬಲ್ಬನ್ನು ಕಂಡುಹಿಡಿದವರು ಯಾರು ಎಂದು ಪರೀಕ್ಷೆಯಲ್ಲಿ ಕೇಳಿದರೆ ಮಕ್ಕಳು ಎಡಿಸನ್ ಎಂದು ಬರೆಯುತ್ತಾರೆ, ಅಂಕವೂ ಸಿಗುತ್ತದೆ. ಆ ಬಲ್ಬನ್ನು ಊದಿದವರು ಯಾರು ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ಶಾಲೆಯ ಪ್ರಯೋಗಾಲಯದಲ್ಲಿ ಪ್ರನಾಳ ಒಡೆದಾಗ ಬೈಗುಳಕ್ಕೆ ಹೆದರುವ ವಿದ್ಯಾರ್ಥಿ, ಅದನ್ನು ಮಾಡಿದ ಕೈಗಳನ್ನೂ ಒಮ್ಮೆ ನೆನೆಯಲಿ. ಕೈಯ ಕಟ್ಟು ಬಿಚ್ಚಿಸಿಕೊಳ್ಳಲು ಮತ್ತೆ ಆಸ್ಪತ್ರೆಗೆ ಹೋದ ದಿನ ಹುಡುಗ ಆ ಅಡ್ಡಗೋಡೆಯನ್ನು ಇನ್ನೊಮ್ಮೆ ನೋಡಲಿ, ಅಪ್ಪ ಅವನಿಗೆ ಕ್ಲಾರೆನ್ಸ್ ಡ್ಯಾಲಿಯ ಹೆಸರು ಹೇಳಲಿ.